ಪುಟ್ಟ ಟರ್ಬೈನ್ ಎಂಜಿನ್ನನ್ನು ಮೂರು ಸಲ ಬಿಚ್ಚಿ ಕಟ್ಟಿದ ಮೇಲೆ

ಬಳ್ಳಾರಿಯ ನಮ್ಮ ಕಾಲೇಜಿನ ಉಷ್ಣಯಂತ್ರ ಪ್ರಯೋಗಾಲಯಕ್ಕೆ ಪುಟ್ಟದೊಂದು ಗ್ಯಾಸ್ ಟರ್ಬೈನ್ ಎಂಜಿನ್ ಬಂದು ಈ ತಿಂಗಳಿಗೆ ಎರಡು ವರ್ಷ ತುಂಬಿತು. ಇಷ್ಟರಲ್ಲಿ ಅದನ್ನು ನಲವತ್ತು ಗಂಟೆಗಿಂತ ಸ್ವಲ್ಪ ಹೆಚ್ಚು ಓಡಿಸಿದ್ದೇವೆ, ಮೂರು ಸಲ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದೇವೆ. ಇಂಥದ್ದೇ ಎಂಜಿನ್ ಕೊಳ್ಳುವ ಯೋಚನೆಯಲ್ಲಿರುವ ರಾಯಚೂರು, ಕೊಪ್ಪಳ ಕಡೆಯ ಅಧ್ಯಾಪಕ ಮಿತ್ರರು ಹೇಗಿದೆ ಎಂದು ಪದೇ ಪದೇ ಕೇಳುತ್ತಿರುವುದರಿಂದ, ಫೋನಿನಲ್ಲಿ ಅಷ್ಟಿಷ್ಟು ಹೇಳಿದ್ದನ್ನು ಇಲ್ಲಿ ಒಟ್ಟುಗೂಡಿಸಿ ಬರೆಯುತ್ತಿದ್ದೇನೆ. ತಯಾರಿಸಿದವರ ಹೆಸರನ್ನಾಗಲಿ ಮಾರಿದವರ ಹೆಸರನ್ನಾಗಲಿ ಬರೆಯುವುದಿಲ್ಲ. ಈ ಅಳತೆಯ ಎಂಜಿನ್‌ಗಳು ಬಹುತೇಕ ಒಂದೇ ವಿನ್ಯಾಸದ ಕುಟುಂಬಕ್ಕೆ ಸೇರಿದವಾದ್ದರಿಂದ, ಯಾವುದನ್ನು ಕೊಂಡರೂ ಇಲ್ಲಿ ಹೇಳುವ ಗುಣದೋಷಗಳನ್ನು ಪರೀಕ್ಷಿಸಿ ನೋಡಲೇಬೇಕು.

ಮಾರುವವರು ಎಂಜಿನ್ನನ್ನು ಓಡಿಸಿ ತೋರಿಸುತ್ತಾರೆ. ಗುಂಡಿ ಒತ್ತಿದರೆ ಶಿಳ್ಳೆಯಂಥ ಸದ್ದು ಏರುತ್ತದೆ, ಪರದೆಯ ಮೇಲೆ ಅಂಕಿಗಳು ಓಡುತ್ತವೆ, ನೋಡಿದವರು ಮೆಚ್ಚಿ ಸಹಿ ಹಾಕುತ್ತಾರೆ. ನಾವೂ ಹಾಗೆಯೇ ಹಾಕಿದೆವು. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬಾಳಬೇಕಾದ ಎಂಜಿನ್ನನ್ನು ಅಳೆಯಲು ಇದು ಸಾಲದು ಎಂಬುದು ನನಗೆ ಅರ್ಥವಾದದ್ದು ಮೊದಲ ಸಲ ಅದನ್ನು ಬಿಚ್ಚಲು ಕುಳಿತ ದಿನ. ಗಾಳಿಯನ್ನು ಒತ್ತಿ ಒಳಕ್ಕೆ ಕಳಿಸುವ ಕಂಪ್ರೆಸರ್ ಚಕ್ರದ ರೆಕ್ಕೆಗಳ ಬಾಗು, ಟರ್ಬೈನಿನ ಎಸಳುಗಳ ಕೋನ ಇವೆಲ್ಲ ದಶಕಗಳಿಂದ ಪಳಗಿದ ವಿದ್ಯೆ, ಅಲ್ಲಿ ತಪ್ಪು ಮಾಡುವವರು ಕಡಿಮೆ. ಆದರೆ ಇದನ್ನೆಲ್ಲ ಯಾವ ಸ್ಕ್ರೂಗಳಿಂದ ಹಿಡಿದು ನಿಲ್ಲಿಸಿದ್ದಾರೆ, ಇಂಧನವನ್ನು ಯಾವ ದಾರಿಯಲ್ಲಿ ಬೆಂಕಿಯವರೆಗೆ ಒಯ್ದಿದ್ದಾರೆ ಎಂಬ ಎರಡು ವಿಷಯಗಳಲ್ಲಿ ಒಂದು ಕೈಗೂ ಇನ್ನೊಂದು ಕೈಗೂ ಬಹಳ ವ್ಯತ್ಯಾಸವಿರುತ್ತದೆ. ನಮ್ಮ ಎಂಜಿನ್ ಕೊಟ್ಟ ತೊಂದರೆಗಳೆಲ್ಲ ಈ ಎರಡರಿಂದಲೇ ಬಂದವು, ಒಂದು ತೊಂದರೆಯಂತೂ ಎರಡೂ ಸೇರಿ ಬಂದದ್ದು.

ಮೊದಲು ಎಂಜಿನ್ನಿನ ಪರಿಚಯ. ಒಂದೂವರೆ ಲೀಟರಿನ ತಂಬಿಗೆಯನ್ನು ಅಡ್ಡ ಮಲಗಿಸಿದಷ್ಟು ಗಾತ್ರ, ಕಾಗದದ ಮೇಲೆ 8 ಕಿಲೋಗ್ರಾಂ ನೂಕುಬಲ. ಮುಂದೆ 66 ಮಿಲಿಮೀಟರ್ ವ್ಯಾಸದ ಅಲ್ಯೂಮಿನಿಯಂ ಕಂಪ್ರೆಸರ್ ಚಕ್ರ, ಹಿಂದೆ ನಿಕಲ್ ಮಿಶ್ರಲೋಹದ ಟರ್ಬೈನ್ ಚಕ್ರ, ಎರಡನ್ನೂ ಜೋಡಿಸುವ ಒಂದು ದಂಡ, ಆ ದಂಡದ ಸುತ್ತ ಬಳೆಯಂತೆ ಕುಳಿತಿರುವ ದಹನ ಕೋಣೆ. ಗರಿಷ್ಠ ವೇಗ ನಿಮಿಷಕ್ಕೆ 1,20,000 ಸುತ್ತು. ಆ ವೇಗದಲ್ಲಿ ಕಂಪ್ರೆಸರ್ ಚಕ್ರದ ಅಂಚು ಸೆಕೆಂಡಿಗೆ 400 ಮೀಟರಿಗೂ ಹೆಚ್ಚು ಓಡುತ್ತದೆ, ಅಂದರೆ ಶಬ್ದಕ್ಕಿಂತ ವೇಗವಾಗಿ. ಹೊರಹೋಗುವ ಅನಿಲದ ಉಷ್ಣತೆ 600 ಡಿಗ್ರಿಯ ಆಸುಪಾಸು. ನಮ್ಮ ಭಾಗದ ಹುಡುಗರಿಗೆ ಟರ್ಬೈನ್ ಎಂದರೆ ಕುಡತಿನಿ ಮತ್ತು ಶಕ್ತಿನಗರದ ಉಗಿ ಟರ್ಬೈನ್‌ಗಳೇ ನೆನಪಿಗೆ ಬರುತ್ತವೆ. ಅಲ್ಲಿ ಬೆಂಕಿ ಬಾಯ್ಲರಿನಲ್ಲಿ ಬೇರೆಯೇ ಉರಿಯುತ್ತದೆ, ಇಲ್ಲಿ ಬೆಂಕಿಯೂ ತಿರುಗುವ ಚಕ್ರವೂ ಬೆರಳಿನಷ್ಟು ಅಂತರದಲ್ಲಿರುತ್ತವೆ. ಇಷ್ಟನ್ನು ಕಣ್ಣಾರೆ ನೋಡುವುದಕ್ಕೇ ಈ ಎಂಜಿನ್ ಬೇಕಾಗಿತ್ತು, ಆ ಉದ್ದೇಶ ಪೂರ್ತಿಯಾಗಿ ಈಡೇರಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಬಳ್ಳಾರಿಯ ಬಿಸಿಲು ಈ ಎಂಜಿನ್ನಿನ ಮೇಲೆ ತನ್ನ ತೆರಿಗೆ ಹಾಕುತ್ತದೆ. ಜನವರಿಯ ಬೆಳಗ್ಗೆ ತಕ್ಕಡಿಯಲ್ಲಿ 7.4 ಕಿಲೋಗ್ರಾಂ ತೋರಿಸಿದ ನೂಕುಬಲ ಮೇ ತಿಂಗಳ ಮಧ್ಯಾಹ್ನ ಅದೇ ವೇಗದಲ್ಲಿ 6.7ಕ್ಕೆ ಇಳಿಯಿತು. ತಯಾರಕರು ಅಂಕಿಗಳನ್ನು ಕೊಡುವುದು 15 ಡಿಗ್ರಿಯ ಗಾಳಿಗೆ, 40 ಡಿಗ್ರಿಯ ಗಾಳಿ ಅದಕ್ಕಿಂತ ಸುಮಾರು 8 ಪ್ರತಿಶತ ಹಗುರ. ಇದನ್ನು ಎಂಜಿನ್ನಿನ ದೋಷವೆಂದು ನಾನು ಎಣಿಸುವುದಿಲ್ಲ. ಸಂಡೂರಿನ ಕಡೆಯಿಂದ ಬರುವ ಅದಿರಿನ ಕೆಂಪು ಧೂಳು ಗಾಳಿ ಎಳೆಯುವ ಬಾಯಿಯ ಜಾಲರಿಯಲ್ಲಿ ಕೂರುವುದೂ ಹಾಗೆಯೇ, ನಮ್ಮ ಊರಿನ ಪಾಲು. ವಾರಕ್ಕೊಮ್ಮೆ ಬ್ರಷ್ಷಿನಿಂದ ಒರೆಸಿದರೆ ಆಯಿತು.

ಈಗ ಸ್ಕ್ರೂಗಳ ವಿಷಯ. ಹಿಂಭಾಗದ ಟರ್ಬೈನ್ ಕವಚವನ್ನು ಹೊರಮೈಗೆ ಹಿಡಿದಿರುವುದು 3 ಮಿಲಿಮೀಟರಿನ 12 ಅಲೆನ್ ಸ್ಕ್ರೂಗಳು. ಹತ್ತು ಗಂಟೆ ಓಡಿದ ಮೇಲೆ ಮೊದಲ ಸಲ ಬಿಚ್ಚುವಾಗ ಅವುಗಳಲ್ಲಿ ಎರಡು ಮುರಿದು ಒಳಗೇ ಉಳಿದವು, ಇನ್ನೊಂದರ ತಲೆಯ ಆರುಮೂಲೆ ಸವೆದು ದುಂಡಾಯಿತು. ಕೀಲಿ ತಿರುಗಿಸಿದಾಗ ಮೊದಲು ಕಾಲು ಸುತ್ತು ಬಂದು, ಆಮೇಲೆ ಕಿರ್ರೆಂದು ಬಿಗಿಯಾಗಿ, ಕೈಗೆ ಬೆಲ್ಲದ ಪಾಕ ಎಳೆದಂತೆ ಭಾಸವಾಗಿ, ತಲೆ ಕಳಚಿ ಬಂದಿತು. ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂವನ್ನು ಸ್ಟೇನ್‌ಲೆಸ್ ಸ್ಟೀಲಿನ ರಂಧ್ರಕ್ಕೆ ಒಣದಾಗಿ ಹಾಕಿದವರೆಲ್ಲರಿಗೂ ಈ ಅನುಭವ ಇದ್ದೇ ಇರುತ್ತದೆ. ಆ ಲೋಹವನ್ನು ತುಕ್ಕಿನಿಂದ ಕಾಯುವುದು ಅದರ ಮೈಮೇಲಿನ ತೆಳ್ಳನೆಯ ಆಕ್ಸೈಡ್ ಪದರ. ಥ್ರೆಡ್ಡುಗಳು ಒತ್ತಡದಲ್ಲಿ ಒಂದಕ್ಕೊಂದು ಉಜ್ಜಿದಾಗ ಪದರ ಹರಿದು, ಬರಿಯ ಲೋಹ ಬರಿಯ ಲೋಹವನ್ನು ಮುಟ್ಟಿ, ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಅದರ ಮೇಲೆ 500 ಡಿಗ್ರಿಯ ಬಿಸಿ ಹತ್ತು ಗಂಟೆ ಸಿಕ್ಕರೆ ಕಚ್ಚು ಇನ್ನೂ ಆಳವಾಗುತ್ತದೆ. ವಿಮಾನಗಳ ದೊಡ್ಡ ಎಂಜಿನ್‌ಗಳ ಬಿಸಿ ಭಾಗದಲ್ಲಿ ಬೆಳ್ಳಿ ಲೇಪಿಸಿದ ನಟ್ಟುಗಳನ್ನು ಬಳಸುವುದು ಈ ಕಚ್ಚುವಿಕೆಯನ್ನು ತಪ್ಪಿಸಲೆಂದೇ. ಬೆಳ್ಳಿ ಮೃದು, ಎರಡು ಗಟ್ಟಿ ಲೋಹಗಳ ನಡುವೆ ಜಾರಿಕೆಯಾಗಿ ನಿಲ್ಲುತ್ತದೆ. ಇಷ್ಟು ಚಿಕ್ಕ ಎಂಜಿನ್ನಿಗೆ ಬೆಳ್ಳಿ ಬೇಡ, ಕಟ್ಟುವಾಗ ಒಂದು ಬೆರಳು ನಿಕಲ್ ಪೇಸ್ಟ್ ಹಚ್ಚಿದ್ದರೆ ಸಾಕಿತ್ತು. ತಯಾರಕರು ಹಚ್ಚಿರಲಿಲ್ಲ. ಹಚ್ಚಬೇಕೆಂದು ಕೈಪಿಡಿಯಲ್ಲಿಯೂ ಬರೆದಿರಲಿಲ್ಲ.

ಕೈಪಿಡಿಯಲ್ಲಿ ಇನ್ನೊಂದು ಕೊರತೆಯಿದೆ, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಗಂಭೀರ. ಈ ಸ್ಕ್ರೂಗಳನ್ನು 1 ನ್ಯೂಟನ್ ಮೀಟರ್ ಟಾರ್ಕಿಗೆ, ಅಂದರೆ ಅಷ್ಟು ತಿರುಚುಬಲಕ್ಕೆ, ಬಿಗಿಯಬೇಕು ಎಂದಿದ್ದಾರೆ, ಒಣ ಥ್ರೆಡ್ಡಿಗೋ ಪೇಸ್ಟ್ ಹಚ್ಚಿದ ಥ್ರೆಡ್ಡಿಗೋ ಎಂಬುದನ್ನು ಹೇಳಿಲ್ಲ. ಬೋಲ್ಟನ್ನು ನಾವು ಬಿಗಿಯುವುದು ಅದನ್ನು ರಬ್ಬರಿನಂತೆ ಕೊಂಚ ಹಿಗ್ಗಿಸಿ, ಆ ಹಿಗ್ಗಿದ ಬಲದಿಂದ ಎರಡು ಭಾಗಗಳನ್ನು ಒತ್ತಿ ಹಿಡಿಯಲೆಂದು. ಕೈಯಿಂದ ಹಾಕಿದ ಟಾರ್ಕಿನಲ್ಲಿ ಸುಮಾರು ಅರ್ಧ ತಲೆಯ ಕೆಳಗಿನ ಉಜ್ಜಾಟಕ್ಕೆ, ಸುಮಾರು 40 ಪ್ರತಿಶತ ಥ್ರೆಡ್ಡಿನ ಉಜ್ಜಾಟಕ್ಕೆ ಹೋಗಿ, ಹತ್ತರಲ್ಲೊಂದು ಪಾಲು ಮಾತ್ರ ನಿಜವಾದ ಹಿಗ್ಗುವಿಕೆಗೆ ಸಲ್ಲುತ್ತದೆ. ಪೇಸ್ಟ್ ಹಚ್ಚಿ ಉಜ್ಜಾಟವನ್ನು ತಗ್ಗಿಸಿ, ಅದೇ 1 ನ್ಯೂಟನ್ ಮೀಟರ್ ಹಾಕಿದರೆ ಉಳಿದ ಪಾಲು ದೊಡ್ಡದಾಗಿ ಸ್ಕ್ರೂ ತನ್ನ ಮಿತಿಯನ್ನು ದಾಟಿ ಎಳೆದುಹೋಗಬಹುದು. ಉಷ್ಣ ವಿದ್ಯುತ್ ಸ್ಥಾವರಗಳ ದೊಡ್ಡ ಉಗಿ ಟರ್ಬೈನ್‌ಗಳಲ್ಲಿ ಈ ಲೆಕ್ಕದ ಗೊಂದಲವೇ ಬೇಡವೆಂದು ಮಧ್ಯದಲ್ಲಿ ರಂಧ್ರವಿರುವ ಭಾರಿ ಬೋಲ್ಟುಗಳಿಗೆ ಬಿಸಿ ಸರಳು ತೂರಿಸಿ, ಬಿಸಿಗೆ ಉದ್ದವಾದ ಬೋಲ್ಟಿನ ಮೇಲೆ ನಟ್ಟನ್ನು ಲೆಕ್ಕದಷ್ಟು ಕೋನ ತಿರುಗಿಸಿ, ತಣಿದಾಗ ತಾನಾಗಿ ಬಿಗಿಯುವಂತೆ ಮಾಡುತ್ತಾರೆ. 3 ಮಿಲಿಮೀಟರಿನ ಸ್ಕ್ರೂವಿಗೆ ಇದು ಸಾಧ್ಯವಿಲ್ಲ. ಒಣ ಅಥವಾ ಪೇಸ್ಟ್ ಎಂಬ ಒಂದು ಪದವನ್ನು ಸೇರಿಸುವುದು ಸಾಧ್ಯವಿತ್ತು. ನಾವು ಈಗ ಪೇಸ್ಟ್ ಹಚ್ಚಿ 0.7ಕ್ಕೆ ನಿಲ್ಲಿಸುತ್ತೇವೆ, ಎದುರುಬದುರು ಸ್ಕ್ರೂಗಳನ್ನು ಎರಡು ಸುತ್ತಿನಲ್ಲಿ ಬಿಗಿಯುತ್ತೇವೆ, ಇದುವರೆಗೆ ಒಂದೂ ಸಡಿಲವಾಗಿಲ್ಲ.

ಮುರಿದ ಸ್ಕ್ರೂಗಳಿಗೆ ಬದಲಿ ಹುಡುಕಿಕೊಂಡು ಹೋದದ್ದು ಬೆಂಗಳೂರು ರಸ್ತೆಯಲ್ಲಿರುವ ಬೋಲ್ಟಿನ ಅಂಗಡಿಗೆ. ಟಿಪ್ಪರ್, ಲಾರಿ, ಕ್ರಷರ್‌ಗಳಿಗೆ ಬೋಲ್ಟು ಕೊಡುವ ಅಂಗಡಿ ಅದು. ನೆಲದಿಂದ ಸೂರಿನವರೆಗೆ ತಗಡಿನ ಡಬ್ಬಿಗಳು, ಪ್ರತಿ ಡಬ್ಬಿಯ ಮೂತಿಗೆ ಅದರೊಳಗಿನ ಬೋಲ್ಟೊಂದನ್ನು ತಂತಿಯಿಂದ ಕಟ್ಟಿರುತ್ತಾರೆ. ಅಂಗಡಿಯ ಹಿರಿಯರು ನಾನು ತಂದ ಸ್ಕ್ರೂವಿನ ತಲೆಯನ್ನು ಭೂತಗನ್ನಡಿಯಲ್ಲಿ ನೋಡಿ, ಅದರ ಮೇಲಿದ್ದ ಎ2-70 ಎಂಬ ಗುರುತನ್ನು ಓದಿ, "ಇದು ಎಷ್ಟು ಬಿಸಿಗೆ ಸಾರ್?" ಎಂದು ಕೇಳಿದರು. ಐನೂರು ಎಂದೆ. ಕಪ್ಪು ಬಣ್ಣದ 12.9 ಗುರುತಿನ ಸ್ಕ್ರೂಗಳ ಡಬ್ಬಿಯನ್ನು ಇಳಿಸುತ್ತಿದ್ದ ಹುಡುಗನಿಗೆ ಅವರು "ಅದು ಬ್ಯಾಡಪ್ಪ, ಮ್ಯಾಲೆ ಇಡು" ಎಂದರು. ಆ ಒಂದು ಮಾತಿಗೆ ನಾನು ಆ ಅಂಗಡಿಗೆ ಋಣಿ. ತಲೆಯ ಮೇಲಿನ ಅಂಕಿ ದೊಡ್ಡದಿದ್ದರೆ ಸ್ಕ್ರೂ ಗಟ್ಟಿ ಎಂದಷ್ಟೇ ತಿಳಿದವರು ಅದನ್ನೇ ಕೊಂಡೊಯ್ಯುತ್ತಿದ್ದರು. 12.9 ಎಂದರೆ 1,200 ಮೆಗಾಪಾಸ್ಕಲ್ ತಾಳುವ ಉಕ್ಕು, ಎ2-70 ತಾಳುವುದು 700. ಆದರೆ ಆ 1,200 ಬಂದಿರುವುದು ಉಕ್ಕನ್ನು ಕಾಯಿಸಿ, ಅದ್ದಿ, ಹದಮಾಡಿದ್ದರಿಂದ. ಹದಮಾಡಿದ ಬಿಸಿಗಿಂತ ಹೆಚ್ಚು ಬಿಸಿಯಲ್ಲಿ ಅದನ್ನು ದುಡಿಸಿದರೆ ಹದ ಕೆಟ್ಟು ಮೆತ್ತಗಾಗುತ್ತದೆ. ಬಿಸಿ ಭಾಗಕ್ಕೆ ನಿಜವಾಗಿ ಬೇಕಾದದ್ದು ಎ286 ಅಥವಾ ಇಂಕೊನೆಲ್ 718ರಂಥ, ಬಿಸಿಯಲ್ಲೂ ಬಲ ಕಳೆದುಕೊಳ್ಳದ ಮಿಶ್ರಲೋಹದ ಸ್ಕ್ರೂ. ಅದು ಬಳ್ಳಾರಿಯಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿಕೊಳ್ಳಬೇಕಾಯಿತು. ಅಲ್ಲಿಯವರೆಗೆ ಎ2-70ನ್ನೇ ಹಾಕಿ ಓಡಿಸಿದೆವು.

ನೋಡಲು ಒಂದೇ ತರಹ ಇರುವ ಬೋಲ್ಟು ಎಂಥ ಮೋಸ ಮಾಡಬಲ್ಲದು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು 1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ ವಿಮಾನದ ಘಟನೆಯನ್ನು ಎತ್ತಿಕೊಳ್ಳುತ್ತೇನೆ. ಹಾರುತ್ತಿದ್ದಾಗಲೇ ಪೈಲಟ್ಟಿನ ಮುಂದಿನ ಗಾಜು ಕಿತ್ತುಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ಆ ಗಾಜನ್ನು ಬದಲಿಸಿದಾಗ ಹಾಕಿದ್ದ 90 ಬೋಲ್ಟುಗಳಲ್ಲಿ 84 ಬೋಲ್ಟುಗಳ ವ್ಯಾಸ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಅಂತರದಲ್ಲಿ ಚಿಕ್ಕದಾಗಿತ್ತು, ಉಳಿದ ಆರು ಉದ್ದದಲ್ಲಿ ಗಿಡ್ಡವಾಗಿದ್ದವು. ಹಳೆಯ ಬೋಲ್ಟಿನ ಪಕ್ಕ ಹಿಡಿದು ಕಣ್ಣಳತೆಯಲ್ಲಿ ಹೊಂದಿಸಿದ್ದರು. ನಮಗೆ ಎಂಜಿನ್ ಮಾರಿದವರೂ ಬದಲಿ ಸ್ಕ್ರೂಗಳೆಂದು ಕಳಿಸಿದ ಪೊಟ್ಟಣದಲ್ಲಿ 2 ಮಿಲಿಮೀಟರ್ ಉದ್ದ ಹೆಚ್ಚಿರುವ ಸ್ಕ್ರೂಗಳಿದ್ದವು. ಹಾಗೆಯೇ ಹಾಕಿದ್ದರೆ ಅವು ರಂಧ್ರದ ತಳಕ್ಕೆ ತಾಗಿ, ಟಾರ್ಕ್ ರೆಂಚ್ ಬಿಗಿಯಾಯಿತೆಂದು ಟಕ್ ಎನ್ನುತ್ತಿತ್ತು, ಕವಚ ಮಾತ್ರ ಸಡಿಲವಾಗಿಯೇ ಇರುತ್ತಿತ್ತು. ಅಂದಿನಿಂದ ಪ್ರತಿ ಸ್ಕ್ರೂವನ್ನೂ ಕ್ಯಾಲಿಪರಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದ ನಂತರವೇ ಒಳಗೆ ಹಾಕುವ ಪದ್ಧತಿಯಿದೆ.

ಬಿಗಿತದ ವಿಷಯದಲ್ಲಿ ತಯಾರಕರು ಚೆನ್ನಾಗಿ ಮಾಡಿರುವುದನ್ನೂ ಹೇಳಬೇಕು. ಕವಚಗಳು ಒಂದರೊಳಗೊಂದು ಕೂರುವ ಅಂಚನ್ನು ಎಷ್ಟು ಕರಾರುವಾಕ್ಕಾಗಿ ಕಡೆದಿದ್ದಾರೆಂದರೆ, ಸ್ಕ್ರೂಗಳಿಲ್ಲದೆಯೂ ಹಿಂಬದಿಯ ಕವಚ ಡಬ್ಬಿಯ ಮುಚ್ಚಳದಂತೆ ತನ್ನ ನೆಲೆಯಲ್ಲಿ ನಿಲ್ಲುತ್ತದೆ. ನೆಲೆ ತೋರಿಸುವ ಕೆಲಸ ಅಂಚಿಗೆ, ಒತ್ತಿ ಹಿಡಿಯುವ ಕೆಲಸ ಸ್ಕ್ರೂವಿಗೆ ಎಂಬ ವಿಂಗಡಣೆ ಇಲ್ಲಿ ಸ್ಪಷ್ಟವಾಗಿದೆ. ಟರ್ಬೈನ್ ಎಸಳಿನ ತುದಿಗೂ ಕವಚಕ್ಕೂ ಇರುವ ಕೂದಲೆಳೆಯಷ್ಟು ಅಂತರ ಮೂರು ಸಲ ಬಿಚ್ಚಿ ಕಟ್ಟಿದ ಮೇಲೂ ಬದಲಾಗದಿರಲು ಇದೇ ಕಾರಣ. ಕಂಪ್ರೆಸರ್ ಚಕ್ರವನ್ನು ಹಿಡಿದಿರುವ ನಟ್ಟಿಗೆ ಎಡಗೈ ಥ್ರೆಡ್, ಅಂದರೆ ಸಾಮಾನ್ಯ ನಟ್ಟಿನ ವಿರುದ್ಧ ದಿಕ್ಕಿಗೆ ಬಿಗಿಯುವ ಥ್ರೆಡ್ ಕೊಟ್ಟಿದ್ದಾರೆ, ತಿರುಗುವ ದಿಕ್ಕಿನಿಂದಾಗಿ ಅದು ಸಡಿಲವಾಗುವ ಬದಲು ಬಿಗಿಯುತ್ತದೆ. ಬಿಚ್ಚುವವರು ಇದನ್ನು ಮರೆತು ಬಲಗೈ ನಟ್ಟೆಂದು ತಿಳಿದು ಪಾನಾ ಎಳೆದರೆ ದಂಡವೇ ಹಾಳು. ಅದಕ್ಕಾಗಿ ನಟ್ಟಿನ ಮೇಲೆ ಬಾಣದ ಗುರುತು ಕೆತ್ತಿರುವುದು ನನಗೆ ಬಹಳ ಮೆಚ್ಚುಗೆಯಾಯಿತು.

ಹೊರಗಿನ ಎರಡು ಕೊಂಡಿಗಳಿಗೆ, ಸ್ಕ್ರೂ ಸಡಿಲವಾಗದಂತೆ ಕಟ್ಟುವ ತಂತಿಯಾದ ಲಾಕ್ ವೈರ್ ಹಾಕುವ ರಂಧ್ರಗಳೂ ಇವೆ. ತಂತಿಯನ್ನು ಸ್ಕ್ರೂವಿನ ತಲೆಯೊಳಗೆ ತೂರಿಸಿ, ಇಕ್ಕಳದಲ್ಲಿ ಹಿಡಿದು, ಇಂಚಿಗೆ ಆರರಿಂದ ಎಂಟು ಹುರಿ ಬರುವಂತೆ ಹೊಸೆದು, ಮುಂದಿನ ಸ್ಕ್ರೂವಿಗೆ ಬಿಗಿಯುವ ದಿಕ್ಕಿನಲ್ಲಿ ಎಳೆಯುವಂತೆ ಸುತ್ತಬೇಕು. ಹೂ ಕಟ್ಟುವ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಇದನ್ನು ಮೊದಲ ಸಲಕ್ಕೇ ನಮ್ಮೆಲ್ಲರಿಗಿಂತ ಅಂದವಾಗಿ ಮಾಡಿದಳು. ಹುರಿಗಳ ನಡುವೆ ಒಂದೇ ಅಂತರ, ತುದಿಯನ್ನು ಕೈಗೆ ಚುಚ್ಚದಂತೆ ಒಳಕ್ಕೆ ಮಡಚಿದ್ದಳು.

ಇನ್ನು ಇಂಧನ. ದೊಡ್ಡ ಎಂಜಿನ್‌ಗಳಲ್ಲಿ ಎಂಜಿನ್ನಿಗೇ ಜೋಡಿಸಿದ ಗೇರ್ ಪಂಪು ಅಗತ್ಯಕ್ಕಿಂತ ಹೆಚ್ಚು ಇಂಧನವನ್ನು ಒತ್ತಿ ಕೊಡುತ್ತದೆ, ಅಳತೆಯ ಕವಾಟವೊಂದು ಬೇಕಾದಷ್ಟನ್ನು ಒಳಬಿಟ್ಟು ಉಳಿದದ್ದನ್ನು ಪಂಪಿನ ಬಾಯಿಗೆ ಹಿಂದಿರುಗಿಸುತ್ತದೆ. ನಮ್ಮ ಪುಟ್ಟ ಎಂಜಿನ್ನಿನಲ್ಲಿ ಅಳತೆಯ ಕವಾಟವೇ ಇಲ್ಲ. ಬ್ಯಾಟರಿಯಿಂದ ಓಡುವ ಸಣ್ಣ ಗೇರ್ ಪಂಪಿನ ವೇಗವೇ ಅಳತೆ, ಆ ವೇಗವನ್ನು ಎಲೆಕ್ಟ್ರಾನಿಕ್ ನಿಯಂತ್ರಕ ಏರಿಸಿ ಇಳಿಸುತ್ತದೆ. ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ಖರ್ಚು, ಗಂಟೆಗೆ 18 ಲೀಟರ್. ವರ್ಷದ ಬಜೆಟ್ ಬರೆಯುವವರು ಈ ಅಂಕಿಯನ್ನು ಮರೆಯಬಾರದು. ಪಂಪಿನಿಂದ ಹೊರಟ ಇಂಧನ ಒಂದು ಫಿಲ್ಟರನ್ನು ದಾಟಿ ಎರಡಾಗಿ ಒಡೆಯುತ್ತದೆ. ಸಣ್ಣ ಪಾಲು ಬೇರಿಂಗುಗಳಿಗೆ ಹೋಗಿ ಅವಕ್ಕೆ ಎಣ್ಣೆಯ ಕೆಲಸ ಮಾಡುತ್ತದೆ, ಇದಕ್ಕಾಗಿಯೇ ಇಂಧನದಲ್ಲಿ 5 ಪ್ರತಿಶತ ಟರ್ಬೈನ್ ಎಣ್ಣೆಯನ್ನು ಬೆರೆಸಬೇಕು. ದೊಡ್ಡ ಪಾಲು ಬಳೆಯಾಕಾರದ ಕೊಳವೆಗೆ ಹೋಗಿ, ಅಲ್ಲಿಂದ ಇಂಜೆಕ್ಷನ್ ಸೂಜಿಯಷ್ಟು ತೆಳ್ಳಗಿನ 12 ನಳಿಗೆಗಳ ಮೂಲಕ ದಹನ ಕೋಣೆಯೊಳಗಿನ 12 ಕಡ್ಡಿಗೊಳವೆಗಳಿಗೆ ಬೀಳುತ್ತದೆ. ಸುತ್ತ ಉರಿಯುವ ಬೆಂಕಿಯಿಂದ ಕೆಂಪಗೆ ಕಾದ ಆ ಕೊಳವೆಗಳಲ್ಲಿ ಇಂಧನ ಆವಿಯಾಗಿ, ಗಾಳಿಯೊಡನೆ ಬೆರೆತು ಹೊರಬಂದು ಉರಿಯುತ್ತದೆ. ತಾನು ಹೊತ್ತಿಸಿದ ಬೆಂಕಿಯಿಂದಲೇ ತನ್ನ ಮುಂದಿನ ತುತ್ತನ್ನು ಬೇಯಿಸಿಕೊಳ್ಳುವ ಏರ್ಪಾಡು ಇದು. ಸೂಜಿಗೆ ದೊಡ್ಡ ಒತ್ತಡ ಬೇಡ, ಸೂಕ್ಷ್ಮ ನಾಝಲ್ ಬೇಡ. ಈ ಸರಳತೆಯೇ ಇದರ ಸೊಗಸು.

ಆದರೆ ಕೊಳವೆಗಳು ಕಾಯುವ ಮುನ್ನ ಇಂಧನ ಬಂದರೆ ಅದು ಆವಿಯಾಗದೆ ಕೋಣೆಯ ತಳದಲ್ಲಿ ನಿಲ್ಲುತ್ತದೆ. ಕಳೆದ ವರ್ಷ ಮೇ ತಿಂಗಳಲ್ಲಿ ಒಮ್ಮೆ ಎಂಜಿನ್ ಹೊತ್ತಿಕೊಳ್ಳಲಿಲ್ಲ. ಕೂಡಲೇ ಎರಡನೆಯ ಸಲ ಗುಂಡಿ ಒತ್ತಿದೆವು. ಹಿಂಬದಿಯಿಂದ ಎರಡು ಮೊಳ ಉದ್ದದ ಹಳದಿ ಜ್ವಾಲೆ ಎದ್ದು, ಉಷ್ಣತೆ 850ನ್ನು ದಾಟಿತು. ನಿಯಂತ್ರಕ ತಕ್ಷಣ ಪಂಪನ್ನು ನಿಲ್ಲಿಸಿತಾದರೂ ಜ್ವಾಲೆ ಕೆಲವು ಕ್ಷಣ ಹಾಗೆಯೇ ಇತ್ತು, ಏಕೆಂದರೆ ಆಗಲೇ ಒಳಗೆ ನಿಂತಿದ್ದ ಇಂಧನ ಪಂಪಿನ ಮಾತು ಕೇಳುವಂಥದ್ದಲ್ಲ. 1937ರ ಏಪ್ರಿಲ್ 12ರಂದು ಫ್ರಾಂಕ್ ವಿಟಲ್ ತಮ್ಮ ಮೊದಲ ಜೆಟ್ ಎಂಜಿನ್ನನ್ನು ಇಂಗ್ಲೆಂಡಿನ ರಗ್ಬಿಯಲ್ಲಿ ಓಡಿಸಿದಾಗಲೂ ಆದದ್ದು ಇದೇ. ಕವಾಟ ಮುಚ್ಚಿದ ಮೇಲೂ ಎಂಜಿನ್ ಕೂಗುತ್ತಾ ವೇಗ ಏರಿಸಿಕೊಳ್ಳುತ್ತಲೇ ಹೋಯಿತು, ಸುತ್ತ ನಿಂತವರು ಓಡಿದರು. ಸೋರಿದ ಇಂಧನ ದಹನ ಕೋಣೆಯ ತಳದಲ್ಲಿ ಮಡುಗಟ್ಟಿತ್ತು ಎಂಬುದು ಆಮೇಲೆ ತಿಳಿಯಿತು. ಅಷ್ಟು ಹಳೆಯ ಪಾಠವೊಂದು ನಮ್ಮ ಕೈಪಿಡಿಯಲ್ಲಿ ಒಂದು ಸಾಲಾಗಿಯೂ ಇರಲಿಲ್ಲ ಎಂಬುದು ನನ್ನ ಖಂಡಿತವಾದ ಆಕ್ಷೇಪ. ಈಗ ನಾವು ಎಂಜಿನ್ ಕೂರುವ ಪೀಠಕ್ಕೆ ಕೀಲು ಹಾಕಿಸಿದ್ದೇವೆ. ಒಮ್ಮೆ ಹೊತ್ತದಿದ್ದರೆ ಮೂತಿ ಮೇಲೆತ್ತಿ, ಹಿಂಬದಿಯಿಂದ ಇಂಧನವನ್ನು ಬಟ್ಟಲಿಗೆ ಬಸಿದು, ಬೆಂಕಿಯಿಲ್ಲದೆ ಅರ್ಧ ನಿಮಿಷ ತಿರುಗಿಸಿ ಗಾಳಿ ಹಾಯಿಸಿದ ಮೇಲಷ್ಟೇ ಮುಂದಿನ ಪ್ರಯತ್ನ.

ಬಳ್ಳಾರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ವಿಮಾನಗಳು ಬಳಸುವ ಜೆಟ್ ಎ-1 ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯನ್ನು 38 ಡಿಗ್ರಿ ಎಂದು ನಿಗದಿ ಮಾಡಿದ್ದಾರೆ. ತಂಪು ಊರುಗಳಲ್ಲಿ ಬರೆದ ಕೈಪಿಡಿ ಸೀಮೆಎಣ್ಣೆ ಪೆಟ್ರೋಲಿನಂತೆ ಅಪಾಯಕಾರಿಯಲ್ಲ ಎಂದು ಧೈರ್ಯ ಹೇಳುತ್ತದೆ. ನಮ್ಮ ತಗಡಿನ ಶೆಡ್ಡಿನಲ್ಲಿ ಮೇ ತಿಂಗಳ ಮಧ್ಯಾಹ್ನ ಕ್ಯಾನಿನೊಳಗಿನ ಇಂಧನವೇ 40ರ ಮೇಲಿರುತ್ತದೆ. ಆದ್ದರಿಂದ ಬೇಸಿಗೆಯ ಪ್ರಯೋಗಗಳನ್ನು ಬೆಳಗ್ಗೆ ಎಂಟಕ್ಕೆ ಮುಗಿಸುತ್ತೇವೆ, ಕ್ಯಾನುಗಳನ್ನು ಕಲ್ಲುಗೋಡೆಯ ಹಳೆಯ ಉಗ್ರಾಣದ ನೆರಳಿನಲ್ಲಿ ಇಡುತ್ತೇವೆ.

ಬಿಗಿತ, ಇಂಧನ ಎಂಬ ಎರಡೂ ವಿಷಯಗಳು ಒಂದೇ ಕಡೆ ಸೇರಿದ್ದು ಎರಡನೆಯ ಸಲ ಬಿಚ್ಚಿದಾಗ. ಟರ್ಬೈನಿನ ಮುಂದಿರುವ ಸ್ಥಿರ ಎಸಳುಗಳ ಬಳೆಯನ್ನು ಹೊರತೆಗೆದರೆ ಸುತ್ತಲೂ ಒಂದೇ ಕಂದುನೀಲಿ ಬಣ್ಣವಿರಬೇಕಿತ್ತು, ಒಂದು ಕಡೆ ಎರಡು ಎಸಳುಗಳ ಮೇಲೆ ಬಣ್ಣವೇ ಏರಿರಲಿಲ್ಲ. ಆ ದಿಕ್ಕಿನ ನಳಿಗೆಗೆ ಇಂಧನ ಸರಿಯಾಗಿ ಬರುತ್ತಿಲ್ಲವೆಂದು ಊಹಿಸಿ, ಇಂಧನದ ಬಳೆಯನ್ನು ಕೌಲ್ ಬಜಾರಿನ ಪಂಪು-ನಾಝಲ್ ಅಂಗಡಿಗೆ ಒಯ್ದೆ. ಅದಿರಿನ ಲಾರಿಗಳ ಡೀಸೆಲ್ ಪಂಪುಗಳನ್ನು ಹತ್ತಾರು ವರ್ಷಗಳಿಂದ ಪರೀಕ್ಷಿಸುತ್ತಿರುವ ಮೇಸ್ತ್ರಿ ಅಲ್ಲಿದ್ದಾರೆ. ಅವರ ಯಂತ್ರದ ಸಾಲು ಗಾಜಿನ ನಳಿಕೆಗಳು ಲಾರಿಯ ಆರು ಲೈನಿಗೆ ಆಗುವಂಥವು, ನಮ್ಮ ಹನ್ನೆರಡಕ್ಕೆ ಸಾಲದೆ ಎರಡು ಸಲವಾಗಿ ಹಿಡಿದೆವು. ಮೂರು ನಿಮಿಷದಲ್ಲಿ ಹನ್ನೊಂದು ನಳಿಗೆಗಳು 30 ಮಿಲಿಲೀಟರಿನ ಆಚೀಚೆ ಸುರಿಸಿದವು, ಒಂದು ಮಾತ್ರ 19ಕ್ಕೆ ನಿಂತಿತು. ಮೇಸ್ತ್ರಿ ಗಾಜಿನತ್ತ ಬಾಗಿ, "ಹನ್ನೆರಡರಾಗ ಒಂದು ಉಪವಾಸ ಐತೆ ನೋಡ್ರಿ ಸಾರ್" ಎಂದರು. ಹಳೆಯ ಬ್ರೇಕ್ ಕೇಬಲಿನಿಂದ ಒಂದೇ ಒಂದು ಎಳೆ ಬಿಡಿಸಿಕೊಂಡು, ತುದಿಯನ್ನು ಸಾಣೆ ಕಲ್ಲಿಗೆ ಹಿಡಿದು ದುಂಡು ಮಾಡಿ, ಆ ಸೂಜಿಯೊಳಗೆ ನಿಧಾನವಾಗಿ ತೂರಿಸಿ ಹೊರತೆಗೆದಾಗ ತುದಿಗೆ ಅಂಟಿಕೊಂಡು ಬಂದದ್ದು ಬಿಳಿಯ ನಾರಿನ ಒಂದು ಚೂರು.

ಅದು ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪಿನ ಚೂರು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಕೊಂಡಿಯ ಥ್ರೆಡ್ಡಿಗೆ, ಸೋರದಿರಲಿ ಎಂದು ಜೋಡಿಸಿದವರು ಆ ಟೇಪನ್ನು ಸುತ್ತಿದ್ದರು. ಬಿಗಿಯುವಾಗ ಥ್ರೆಡ್ಡಿನ ಅಂಚು ಟೇಪನ್ನು ಕತ್ತರಿಸಿ ಚೂರುಗಳನ್ನು ಒಳಕ್ಕೆ ನೂಕುತ್ತದೆ, ಇಂಧನದ ಲೈನುಗಳಲ್ಲಿ ಅದನ್ನು ಬಳಸಬಾರದೆನ್ನುವುದು ಇದಕ್ಕೇ. ಕೊಂಡಿ ಫಿಲ್ಟರಿನ ಮುಂಚೆ ಇದ್ದಿದ್ದರೆ ಚೂರು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಫಿಲ್ಟರಿನ ಆಚೆಗಿದ್ದುದರಿಂದ ಅದು ನೇರವಾಗಿ ಸೂಜಿಗೆ ಹೋಯಿತು. ಕೆಲವು ಮೈಕ್ರಾನುಗಳ ಕಸವನ್ನೂ ತಡೆಯುವ ಒಳ್ಳೆಯ ಫಿಲ್ಟರ್ ಕೊಟ್ಟು, ಅದರ ಬೆನ್ನಿಗೇ ಕಸ ಹುಟ್ಟಿಸುವ ಕೊಂಡಿಯನ್ನು ಇಟ್ಟದ್ದು ವಿನ್ಯಾಸದ ತಪ್ಪೆಂದೇ ನಾನು ಹೇಳುತ್ತೇನೆ. ಟೇಪಿನ ಅಗತ್ಯವೇ ಇಲ್ಲದಂತೆ ಶಂಕುವಿನಾಕಾರದ ಮೂತಿಯಿರುವ ಅಥವಾ ರಬ್ಬರ್ ಉಂಗುರ ಕೂರುವ ಕೊಂಡಿಯನ್ನು ಹಾಕಬಹುದಿತ್ತು. ಖರ್ಚು ನೂರಿನ್ನೂರು ರೂಪಾಯಿ ಹೆಚ್ಚಾಗುತ್ತಿತ್ತು.

ಇಂಧನದ ಕೊಳವೆಯನ್ನು ಒಯ್ದ ದಾರಿಯೂ ಸರಿಯಿಲ್ಲ. ಅದು ಪೀಠದ ತಗಡಿನ ಅಂಚಿಗೆ ತಾಗಿಕೊಂಡೇ ಹಾದುಹೋಗುತ್ತದೆ, ಎಂಜಿನ್ ನಡುಗಿದಾಗಲೆಲ್ಲ ಉಜ್ಜುತ್ತದೆ. ಆರು ತಿಂಗಳಲ್ಲಿ ಉಗುರಿಗೆ ತಗಲುವಷ್ಟು ಗೀರು ಬಿದ್ದಿತ್ತು. ಇದನ್ನು ಸಣ್ಣ ವಿಷಯವೆನ್ನುವವರು 2001ರ ಆಗಸ್ಟ್ 24ರಂದು ಏರ್ ಟ್ರಾನ್ಸಾಟ್ ಸಂಸ್ಥೆಯ ಏರ್‌ಬಸ್ ಎ330 ವಿಮಾನಕ್ಕೆ ಆದದ್ದನ್ನು ಓದಬೇಕು. ಬದಲಿಸಿ ಕೂರಿಸಿದ ಎಂಜಿನ್ನಿನಲ್ಲಿ ಹೊಸ ಮಾದರಿಯ ಇಂಧನದ ಕೊಳವೆಯ ಪಕ್ಕ ಹಳೆಯ ಮಾದರಿಯ ಹೈಡ್ರಾಲಿಕ್ ಕೊಳವೆ ಬಂದು, ನಡುವೆ ಇರಬೇಕಾದ ಅಂತರ ಉಳಿಯದೆ, ಒಂದನ್ನೊಂದು ಉಜ್ಜಿ ಇಂಧನದ ಕೊಳವೆ ಬಿರಿಯಿತು. ಅಟ್ಲಾಂಟಿಕ್ ಸಾಗರದ ಮೇಲೆ ಎರಡೂ ಎಂಜಿನ್‌ಗಳು ಇಂಧನವಿಲ್ಲದೆ ಆರಿಹೋದವು. ವಿಮಾನ ಹತ್ತೊಂಬತ್ತು ನಿಮಿಷಗಳಷ್ಟು ತೇಲಿಕೊಂಡು ಹೋಗಿ ಅಜೋರ್ಸ್ ದ್ವೀಪಗಳಲ್ಲಿ ಇಳಿಯಿತು, ಅದರಲ್ಲಿದ್ದ 306 ಜನರೂ ಬದುಕಿದರು. ನಾವು ತಗಡಿನ ಅಂಚನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ, ಕೊಳವೆಗೆ ರಬ್ಬರ್ ಹೊದಿಕೆಯ ಎರಡು ಕ್ಲಿಪ್ಪುಗಳನ್ನು ಹಾಕಿ, ಒಂದು ಬೆರಳಿನ ಅಂತರ ಬರುವಂತೆ ಮಾಡಿದ್ದೇವೆ. ಗೀರು ಬಿದ್ದ ಕೊಳವೆಗೆ ಬದಲಿ ಹಾಕುವಾಗ ಪೇಟೆಯಲ್ಲಿ ಸುಲಭವಾಗಿ ಸಿಗುವ ಸಿಲಿಕೋನ್ ಕೊಳವೆಯನ್ನು ತರಬೇಡಿ. ಸೀಮೆಎಣ್ಣೆಯಲ್ಲಿ ಅದು ಉಬ್ಬಿ ಮೆತ್ತಗಾಗಿ ಕೊಂಡಿಯಿಂದ ಜಾರುತ್ತದೆ.

ಗಾಳಿಗುಳ್ಳೆಗಳ ಬಗ್ಗೆ ದೂರು ಇಲ್ಲ. ಪಂಪಿಗೆ ಮುಂಚೆ ಕೊಟ್ಟಿರುವ ಸಣ್ಣ ಡಬ್ಬಿ ಗುಳ್ಳೆಗಳನ್ನು ಚೆನ್ನಾಗಿ ಹಿಡಿಯುತ್ತದೆ, ಎರಡು ವರ್ಷಗಳಲ್ಲಿ ಒಮ್ಮೆಯೂ ಓಡುತ್ತಿದ್ದ ಎಂಜಿನ್ ಆರಿಲ್ಲ. ನಿಲ್ಲಿಸಿದ ಮೇಲೆ ಉಷ್ಣತೆ 100 ಡಿಗ್ರಿಗೆ ಇಳಿಯುವವರೆಗೆ ಸ್ಟಾರ್ಟರ್ ಮೋಟಾರು ತಾನಾಗಿ ಎಂಜಿನ್ನನ್ನು ತಿರುಗಿಸಿ ಬೇರಿಂಗುಗಳನ್ನು ಕಾಯುವುದೂ ಅಚ್ಚುಕಟ್ಟಾಗಿದೆ.

ಮಾರಿದವರ ಸೇವೆ ಸಾಧಾರಣ. ಫೋನಿಗೆ ಸಿಗುತ್ತಾರೆ, ಮರ್ಯಾದೆಯಿಂದ ಮಾತನಾಡುತ್ತಾರೆ, ಬಿಡಿಭಾಗಕ್ಕೆ ಮಾತ್ರ ಮೂರು ತಿಂಗಳು ಕಾಯಿಸುತ್ತಾರೆ. ಉದ್ದದ ಸ್ಕ್ರೂಗಳನ್ನು ವಾಪಸು ಕಳಿಸಿದ ಮೇಲೆ ಸರಿಯಾದವು ಬಂದದ್ದು ಮುಂದಿನ ಸೆಮಿಸ್ಟರಿಗೆ. ಹೀಗಾಗಿ ಕೊಳ್ಳುವ ಆದೇಶದಲ್ಲಿಯೇ ಬಿಸಿ ಭಾಗದ ಸ್ಕ್ರೂಗಳ ಎರಡು ಪೂರ್ತಿ ಜೊತೆ, ಇಂಧನದ ಒಂದು ಬದಲಿ ಬಳೆ, ಎರಡು ಫಿಲ್ಟರುಗಳನ್ನು ಸೇರಿಸಿ ಬರೆಯಿರಿ. ಸ್ಕ್ರೂ ಯಾವ ಲೋಹದ್ದು, ಟಾರ್ಕ್ ಒಣ ಥ್ರೆಡ್ಡಿಗೋ ಪೇಸ್ಟ್ ಹಚ್ಚಿದ್ದಕ್ಕೋ, ಫಿಲ್ಟರಿನ ಆಚೆಗೆ ಎಷ್ಟು ಕೊಂಡಿಗಳಿವೆ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಓಡಿಸಿ ತೋರಿಸಲು ಬಂದವರಿಗೆ, ತಣಿದ ಮೇಲೆ ನಿಮ್ಮೆದುರೇ ಹಿಂಬದಿಯ ಕವಚವನ್ನು ಬಿಚ್ಚಿ ಕಟ್ಟಲು ಹೇಳಿ. ಇಷ್ಟಕ್ಕೆ ಒಪ್ಪಿದರೆ ಎಂಜಿನ್ ಕೊಳ್ಳಬಹುದು. ನಾನಂತೂ ಇನ್ನೊಮ್ಮೆ ಕೊಳ್ಳಬೇಕಾಗಿ ಬಂದರೆ ಇದನ್ನೇ ಕೊಳ್ಳುತ್ತೇನೆ, ಟೇಪ್ ಸುತ್ತಿದ ಆ ಕೊಂಡಿಯನ್ನು ಮೊದಲ ದಿನವೇ ತೆಗೆದು ಬಿಸಾಡಿ.

ಕಳೆದ ಶನಿವಾರ ಮೂರನೆಯ ಸಲ ಬಿಚ್ಚಿದೆವು. ಹಿಂಬದಿಯ 12 ಸ್ಕ್ರೂಗಳೂ ಮೊದಲ ತಿರುವಿಗೆ ಕೀಲಿ ಕೇಳಿ, ಆಮೇಲೆ ಬೆರಳಿನಲ್ಲೇ ಹೊರಬಂದವು. ಥ್ರೆಡ್ಡುಗಳಲ್ಲಿ ನಿಕಲ್ ಪೇಸ್ಟಿನ ಬೂದು ಬಣ್ಣ ಹಾಗೆಯೇ ಇತ್ತು. ಸ್ಥಿರ ಎಸಳುಗಳ ಬಳೆ ಸುತ್ತಲೂ ಒಂದೇ ಬಣ್ಣಕ್ಕೆ ತಿರುಗಿತ್ತು. ಹನ್ನೆರಡು ನಳಿಗೆಗಳನ್ನು ಮತ್ತೆ ಮೇಸ್ತ್ರಿಯ ಗಾಜಿನ ನಳಿಕೆಗಳಿಗೆ ಹಿಡಿದಾಗ ಅತಿ ಕಡಿಮೆ 29, ಅತಿ ಹೆಚ್ಚು 31 ಮಿಲಿಲೀಟರ್ ಬಂದಿತು. ಒಂದು ಬೇರಿಂಗಿನಲ್ಲಿ ಸ್ವಲ್ಪ ಒರಟು ಸದ್ದಿದೆ, ಅದನ್ನು ಐವತ್ತು ಗಂಟೆ ತುಂಬಿದಾಗ ಬದಲಿಸಲು ಈಗಲೇ ಪತ್ರ ಬರೆದಿದ್ದೇವೆ.